ಮಾಡ್ಯೂಲ್ ಬದಲಿಸುವ ಮೊದಲು ಅರ್ತ್ ಅಳೆಯಿರಿ

(ಕರಾವಳಿಯ ಗ್ಯಾರೇಜ್ ಕೆಲಸಗಾರರು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಮಳೆಗಾಲದಲ್ಲಿ ನನ್ನ ಶೆಡ್ಡಿಗೆ ಒಂದು ಸಣ್ಣ ಕಾರು ಬಂತು. ಓಡಿಸುವವರು ಶಾಲೆಯ ಟೀಚರ್. ಹಗಲು ಏನೂ ತೊಂದರೆ ಇಲ್ಲ ಅಂದರು. ರಾತ್ರಿ ಮಳೆಯಲ್ಲಿ ಮನೆಯಿಂದ ಹೊರಟು ನೂರು ಮೀಟರ್ ಹೋಗುವಷ್ಟರಲ್ಲಿ ಎಬಿಎಸ್ ಲೈಟ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯ ಎಚ್ಚರಿಕೆ ದೀಪ, ಹೊತ್ತಿಕೊಳ್ಳುತ್ತದೆ. ಅದೇ ಕ್ಷಣಕ್ಕೆ ಹೆಡ್‌ಲೈಟ್ ಕೂಡ ಒಮ್ಮೆ ಮಂಕಾಗುತ್ತದೆ. ಗಾಡಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಲೈಟ್ ಹೋಗುತ್ತದೆ, ಸ್ವಲ್ಪ ದೂರ ಹೋದರೆ ಮತ್ತೆ ಬರುತ್ತದೆ.

ನನ್ನ ಹತ್ತಿರ ಬರುವ ಮೊದಲು ಅವರು ಎರಡು ಕಡೆ ತೋರಿಸಿದ್ದರು. ಒಂದು ಕಡೆ ಚಕ್ರದ ಸೆನ್ಸರ್ ಬದಲಿಸಿದ್ದರು. ಇನ್ನೊಂದು ಕಡೆ ಎಬಿಎಸ್ ಮಾಡ್ಯೂಲ್, ಅಂದರೆ ಅದನ್ನು ನಡೆಸುವ ಸಣ್ಣ ಕಂಪ್ಯೂಟರ್, ಹೋಗಿದೆ, ಹೊಸದು ಹಾಕಬೇಕು ಅಂದಿದ್ದರು. ಆ ಮಾಡ್ಯೂಲಿನ ಬೆಲೆ ಕೇಳಿ ಅವರಿಗೆ ನಿದ್ದೆ ಬಂದಿರಲಿಲ್ಲ. ನಾನು ಈ ಕಥೆಯಿಂದಲೇ ಶುರು ಮಾಡಲು ಕಾರಣ ಅದು. ನಾವು ಅಳೆಯದೆ ಹೇಳುವ ಒಂದು ಮಾತಿಗೆ ಯಾರೋ ಒಬ್ಬರು ಎರಡು ತಿಂಗಳ ಸಂಬಳ ಕೊಡುತ್ತಾರೆ.

ಗಾಡಿಯ ಕಂಪ್ಯೂಟರುಗಳಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಎಬಿಎಸ್ ಒಳಗೆ ವೋಲ್ಟೇಜ್ ಕಡಿಮೆ ಎಂಬ ಕೋಡ್. ಎಂಜಿನ್ ಕಂಪ್ಯೂಟರಿನಲ್ಲಿ, ಅಂದರೆ ಇಸಿಎಂನಲ್ಲಿ, ಯು0121. ಎಬಿಎಸ್ ಜೊತೆ ಸಂಪರ್ಕ ಕಡಿದುಹೋಗಿದೆ ಎಂದು ಅದರ ಅರ್ಥ. ಬ್ಯಾಟರಿ 12.6 ವೋಲ್ಟ್, ಚೆನ್ನಾಗಿದೆ. ಎಂಜಿನ್ ಓಡುವಾಗ 14 ವೋಲ್ಟ್, ಆಲ್ಟರ್ನೇಟರ್ ಕೂಡ ಚೆನ್ನಾಗಿದೆ. ಇನ್ನು ಉಳಿದದ್ದು ಅರ್ತ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ. ತಡೆ ನೋಡಲು ಮೀಟರನ್ನು ಓಮ್‌ಗೆ ಇಟ್ಟು ಎಬಿಎಸ್ ಕನೆಕ್ಟರಿನ ಅರ್ತ್ ಪಿನ್ನಿಂದ ಬ್ಯಾಟರಿ ನೆಗೆಟಿವ್‌ಗೆ ನೋಡಿದೆ. 0.3 ಓಮ್. ನನ್ನ ಮೀಟರಿನ ಎರಡು ವಯರ್ ಮುಟ್ಟಿಸಿದರೇ 0.2 ತೋರಿಸುತ್ತದೆ. ಉಳಿದದ್ದು 0.1. ಇಲ್ಲಿರುವ ಹೆಚ್ಚಿನವರು ಇದನ್ನು ನೋಡಿ ‘ಅರ್ತ್ ಓಕೆ’ ಅಂತ ಮುಂದೆ ಹೋಗುತ್ತೀರಿ, ಅಲ್ವಾ? ಮೊದಲ ಹತ್ತು ವರ್ಷ ನಾನೂ ಹಾಗೆಯೇ ಹೋಗುತ್ತಿದ್ದೆ.

ಆಮೇಲೆ ಕನೆಕ್ಟರ್ ಮತ್ತೆ ಕೂರಿಸಿ, ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿದೆ. ಕೆಂಪು ಪ್ರೋಬ್ ಅದೇ ಅರ್ತ್ ಪಿನ್ನಿನ ಹಿಂಬದಿಗೆ, ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ಬರೀ ಕೀ ಆನ್ ಮಾಡಿದಾಗ 0.04 ವೋಲ್ಟ್. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಗಾಜಿನ ಮಂಜು ತೆಗೆಯಲು ಎಸಿ ಹಾಕಿದೆ. ಎಸಿ ಜೊತೆ ರೇಡಿಯೇಟರ್ ಫ್ಯಾನ್ ಕೂಡ ತಿರುಗಿತು. ಮೀಟರ್ 1.8 ವೋಲ್ಟ್ ತೋರಿಸಿತು.

ಅರ್ತ್ ಪಿನ್ನಿನಲ್ಲಿ 1.8 ವೋಲ್ಟ್. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕಿತ್ತು.

ಲೆಕ್ಕ ಮಾಡಿ ನೋಡಿ. ಓಮ್ ಎಂಬ ವಿಜ್ಞಾನಿ 1827ರಲ್ಲಿ ಬರೆದಿಟ್ಟ ಲೆಕ್ಕವೇ ಸಾಕು: ಕರೆಂಟ್ ಗುಣಿಸು ತಡೆ, ಅಂದರೆ ವೋಲ್ಟ್. ಹೆಡ್‌ಲೈಟ್, ಫ್ಯಾನ್ ಎಲ್ಲ ಸೇರಿ ಸುಮಾರು 20 ಆಂಪಿಯರ್. ಅರ್ತ್‌ನಲ್ಲಿ 0.09 ಓಮ್ ತಡೆ ಇದ್ದರೆ 20 ಗುಣಿಸು 0.09, ಅಂದರೆ 1.8 ವೋಲ್ಟ್. ಓಮ್ ಮೀಟರಿನಲ್ಲಿ ನಾನು ‘ಏನೂ ಇಲ್ಲ’ ಅಂದುಕೊಂಡ 0.1 ಇದೇ. ಇನ್ನು ಆ 1.8 ವೋಲ್ಟ್ ಎಲ್ಲಿ ಹೋಗುತ್ತದೆ? 1.8 ಗುಣಿಸು 20, ಅಂದರೆ 36 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು ಶಾಖ ಯಾವುದೋ ಒಂದು ಬೋಲ್ಟಿನ ಕೆಳಗೆ ಸುಮ್ನೆ ಉರಿಯುತ್ತಿದೆ. ಬಾನೆಟ್ ಎತ್ತಿ ಕೈ ಇಟ್ಟು ನೋಡಿದೆ. ಎಡಗಡೆ ಫೆಂಡರ್ ಹತ್ತಿರದ ಅರ್ತ್ ಬೋಲ್ಟ್ ಮುಟ್ಟಲಾಗದಷ್ಟು ಬಿಸಿ.

ಬಿಚ್ಚಿದಾಗ ಗೊತ್ತಾಯಿತು. ಹಿಂದಿನ ವರ್ಷ ಆ ಬದಿಗೆ ಟಿಂಕರಿಂಗ್, ಪೇಂಟಿಂಗ್ ಆಗಿತ್ತು. ಪೇಂಟ್ ಮಾಡಿದವರು ಅರ್ತ್ ಲಗ್, ಅಂದರೆ ವಯರ್ ತುದಿಯ ಲೋಹದ ಬಳೆ, ಕೂರುವ ಜಾಗವನ್ನೂ ಚೆಂದವಾಗಿ ಬಣ್ಣ ಹೊಡೆದು, ಅದರ ಮೇಲೆಯೇ ಲಗ್ ಇಟ್ಟು ಬಿಗಿ ಮಾಡಿದ್ದರು. ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ಮರೆಯ, ಅಂದರೆ ಥ್ರೆಡ್ಡಿನ, ಎರಡು ಸುತ್ತಿನಿಂದ ಮಾತ್ರ. ಅಲ್ಲೂ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯಲು ಶುರುವಾಗಿತ್ತು.

ಹಾಗಾದರೆ ರಾತ್ರಿ ಮಳೆಯಲ್ಲಿ ಮಾತ್ರ ಯಾಕೆ? ನೂರು ಮೀಟರ್ ಆದ ಮೇಲೆಯೇ ಯಾಕೆ? ಬಹಳಷ್ಟು ಕಾರುಗಳಲ್ಲಿ ಗಾಡಿ ಹೊರಟು ಸ್ವಲ್ಪ ವೇಗ ಹಿಡಿದ ತಕ್ಷಣ ಎಬಿಎಸ್ ತನ್ನ ಪಂಪನ್ನು ಒಂದು ಕ್ಷಣ ತಿರುಗಿಸಿ ಪರೀಕ್ಷೆ ಮಾಡಿಕೊಳ್ಳುತ್ತದೆ. ಆ ಪಂಪಿಗೆ ಇನ್ನೊಂದು 25 ಆಂಪಿಯರ್ ಬೇಕು ಅಂದುಕೊಳ್ಳಿ. ಹಗಲು ಬರೀ ಪಂಪ್ ಇದ್ದಾಗ ಅರ್ತ್‌ನಲ್ಲಿ ಎರಡು ಚಿಲ್ಲರೆ ವೋಲ್ಟ್ ಹೋಗುತ್ತದೆ. ಮಾಡ್ಯೂಲಿಗೆ ಇನ್ನೂ ಸುಮಾರು 12 ಸಿಗುತ್ತದೆ, ಅದು ತಡೆದುಕೊಳ್ಳುತ್ತದೆ. ರಾತ್ರಿ ಹೆಡ್‌ಲೈಟ್, ಫ್ಯಾನ್, ಪಂಪ್ ಎಲ್ಲ ಒಟ್ಟಿಗೆ 45 ಆಂಪಿಯರ್. ಅರ್ತ್‌ನಲ್ಲೇ ನಾಲ್ಕು ವೋಲ್ಟ್ ಹೋಯಿತು. 14ರಲ್ಲಿ ಉಳಿದದ್ದು 10. ಮೋಟರ್ ತಿರುಗಲು ಶುರುವಾಗುವ ಕ್ಷಣದಲ್ಲಿ ಅದಕ್ಕಿಂತಲೂ ಕೆಳಗೆ. ಮಾಡ್ಯೂಲ್ ಕೈ ಚೆಲ್ಲಿತು. ಟೀಚರ್ ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಹೆಡ್‌ಲೈಟ್ ಮಂಕಾದ ವಿಷಯವನ್ನು ಮೊದಲೇ ಯಾರಾದರೂ ಗಮನವಿಟ್ಟು ಕೇಳಿದ್ದರೆ ಸೆನ್ಸರ್ ದುಡ್ಡೂ ಉಳಿಯುತ್ತಿತ್ತು.

ಈಗ ಮೂಲಕ್ಕೆ ಬರುತ್ತೇನೆ. ಕಾರಿನಲ್ಲಿ ಪ್ಲಸ್ ಬದಿಯಲ್ಲಿ ಹೆಚ್ಚಿನವಕ್ಕೆ ಅವುಗಳದ್ದೇ ಫ್ಯೂಸ್, ಅವುಗಳದ್ದೇ ವಯರ್. ವಾಪಸ್ ಬರುವ ದಾರಿ ಮಾತ್ರ ಹಂಚಿಕೊಂಡದ್ದು. ನಿಮ್ಮಲ್ಲಿ ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಹಾಯಿಸುವ ಪೈಪುಗಳು ಬೇರೆ ಬೇರೆ. ನೀರು ಹೊರಗೆ ಹೋಗಲು ಇರುವುದು ಒಂದೇ ಬಸಿಗಾಲುವೆ. ಆ ಕಾಲುವೆಯಲ್ಲಿ ಮಣ್ಣು ಕಟ್ಟಿದರೆ ಏನಾಗುತ್ತದೆ? ನೀರು ನಿಲ್ಲುವುದು ಕಾಲುವೆಯಲ್ಲಿ ಮಾತ್ರ ಅಲ್ಲ, ಆ ಕಾಲುವೆಗೆ ಸೇರುವ ಎಲ್ಲ ಸಾಲುಗಳಲ್ಲೂ ಮಟ್ಟ ಏರುತ್ತದೆ. ಯಾವ ಸಾಲಿಗೆ ನೀರು ಬಿಟ್ಟರೂ ಪಕ್ಕದ ಸಾಲಿನ ಬುಡ ಕೊಳೆಯುತ್ತದೆ. ಅರ್ತ್ ಬೋಲ್ಟ್ ಎಂದರೆ ಆ ಬಸಿಗಾಲುವೆ. ಆ ಏರಿದ ಮಟ್ಟವೇ ಮೀಟರ್ ತೋರಿಸಿದ 1.8 ವೋಲ್ಟ್. ಹೆಡ್‌ಲೈಟ್ ಹಾಕಿದರೆ ಎಬಿಎಸ್ ಕೆಡುವುದು ಹೀಗೆ.

ಮಾಡ್ಯೂಲಿಗೆ ತನ್ನ ಸೊನ್ನೆ ಮೇಲೆದ್ದಿದೆ ಎಂದು ಗೊತ್ತಾಗುವುದಿಲ್ಲ. ಅದು ಎಲ್ಲವನ್ನೂ ತನ್ನ ಅರ್ತ್ ಪಿನ್ನಿನಿಂದಲೇ ಅಳೆಯುತ್ತದೆ. ಬಾವಿಯ ನೀರು ಅಳೆಯುವ ಕೋಲಿನ ಬುಡ ಒಂದು ಗೇಣು ಮೇಲೆ ನಿಂತಿದ್ದರೆ ಎಲ್ಲ ಅಳತೆಯೂ ಒಂದು ಗೇಣು ತಪ್ಪು, ಅಷ್ಟೇ. ಎಂಜಿನ್ ಬಾಡಿಯಿಂದಲೇ ಅರ್ತ್ ಪಡೆಯುವ ಹಳೆ ಮಾದರಿಯ ಆಕ್ಸಿಜನ್ ಸೆನ್ಸರ್ ತೆಗೆದುಕೊಳ್ಳಿ. ಪೆಟ್ರೋಲ್ ಹೆಚ್ಚೋ ಕಡಿಮೆಯೋ ಎಂದು ಹೊಗೆ ನೋಡಿ ಹೇಳುವ ಅದರ ಆಟವೆಲ್ಲ 0.1ರಿಂದ 0.9 ವೋಲ್ಟ್ ಒಳಗೆ, ಪೆಟ್ರೋಲ್ ಕಡಿಮೆಯಾದರೆ ವೋಲ್ಟ್ ಕಡಿಮೆ. ಇಸಿಎಂ ಅರ್ತ್ 0.3 ಮೇಲೆದ್ದರೆ, ಸೆನ್ಸರ್ 0.6 ಕೊಟ್ಟರೂ ಇಸಿಎಂಗೆ ಕಾಣುವುದು 0.3. ಪೆಟ್ರೋಲ್ ಕಡಿಮೆಯಾಗಿದೆ ಅಂದುಕೊಂಡು ಅದು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬಿತ್ತು ಎಂದು ಗಿರಾಕಿ ಬರುತ್ತಾರೆ. ನಾವು ಸೆನ್ಸರ್ ಬದಲಿಸುತ್ತೇವೆ.

ಹಿಂದೆ ಇಷ್ಟು ತೊಂದರೆ ಇರಲಿಲ್ಲ. ಅರ್ತ್ ಸರಿ ಇಲ್ಲದಿದ್ದರೆ ಹಾರ್ನ್ ಕೀರಲಾಗುತ್ತಿತ್ತು, ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು. ಈಗ ಗಾಡಿ ತುಂಬ ಮಾಡ್ಯೂಲ್. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು, 2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂತು. ಸ್ಟೀರಿಂಗ್ ಕೂಡ ಕರೆಂಟಿನದ್ದು. ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಅದೊಂದೇ ಹತ್ತಾರು ಆಂಪಿಯರ್ ಎಳೆಯುತ್ತದೆ. ಕರೆಂಟ್ ಜಾಸ್ತಿಯಾದಷ್ಟೂ ಸಣ್ಣ ತಡೆಯ ತೊಂದರೆಯೂ ದೊಡ್ಡದಾಗುತ್ತದೆ.

ಮುಂದಿನ ಸಾಲಿನಲ್ಲಿದ್ದ ಹುಡುಗ ಒಬ್ಬ ಇಲ್ಲಿ ಒಂದು ಪ್ರಶ್ನೆ ಕೇಳಿದ. ಸ್ಕ್ಯಾನರಿನಲ್ಲಿ ‘ಅರ್ತ್ ಸರಿ ಇಲ್ಲ’ ಎಂದು ಕೋಡ್ ಬರುವುದಿಲ್ಲವಾ ಸರ್, ಅಂತ. ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಬರುವುದಿಲ್ಲ. ಬರುವುದು ಅದರ ನೆರಳು ಮಾತ್ರ. ಪಿ0562, ಅಂದರೆ ವೋಲ್ಟೇಜ್ ಕಡಿಮೆ. ಇಲ್ಲವೇ ‘ಯು’ ಅಕ್ಷರದಿಂದ ಶುರುವಾಗುವ ಸಂಪರ್ಕದ ಕೋಡುಗಳು. ಮಾಡ್ಯೂಲುಗಳು ಮಾತಾಡಿಕೊಳ್ಳುವುದು ಕ್ಯಾನ್ ಎಂಬ ಎರಡು ವಯರಿನ ಮೇಲೆ. ಸುಮ್ಮನಿದ್ದಾಗ ಎರಡೂ ಸುಮಾರು 2.5 ವೋಲ್ಟ್. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ಅಂತರವನ್ನು. ಹಾಗಾಗಿ ಅರ್ತ್ ಸ್ವಲ್ಪ ಏರಿದರೂ ಮಾತು ನಿಲ್ಲುವುದಿಲ್ಲ, ಅದು ಗಟ್ಟಿ ವ್ಯವಸ್ಥೆ. ಆದರೆ ಒಂದು ಮಾಡ್ಯೂಲ್ ಕರೆಂಟ್ ಸಾಲದೆ ಕ್ಷಣ ಹೊತ್ತು ಆರಿಹೋದರೆ ಉಳಿದವೆಲ್ಲ ಅದರ ಮೇಲೆ ದೂರು ಬರೆಯುತ್ತವೆ. ಎಂಟು ಕೋಡ್ ಬಂದರೆ ಎಂಟು ರೋಗ ಎಂದು ಹೆದರಬೇಡಿ. ಎಲ್ಲರೂ ಯಾರ ಹೆಸರು ಹೇಳುತ್ತಿದ್ದಾರೆ ನೋಡಿ. ಅದರ ಅರ್ತ್ ಮತ್ತು ಫ್ಯೂಸ್ ಮೊದಲು ನೋಡಿ.

ಈಗ ಅಳೆಯುವ ರೀತಿ. ಇದನ್ನು ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ.

ಕಪ್ಪು ಪ್ರೋಬ್ ಬ್ಯಾಟರಿಯ ಸೀಸದ ಕಂಬದ ಮೇಲೆಯೇ ಇರಬೇಕು, ಕ್ಲಾಂಪ್ ಮೇಲೆ ಅಲ್ಲ. ಕಂಬಕ್ಕೂ ಕ್ಲಾಂಪಿಗೂ ನಡುವೆಯೇ ಬಿಳಿ ಪುಡಿ ಕೂತಿದ್ದರೆ ಕ್ಲಾಂಪ್ ಮೇಲೆ ಇಟ್ಟವನಿಗೆ ಅದು ಸಿಗುವುದಿಲ್ಲ. ಡ್ಯಾಶ್ ಕೆಳಗಿನ ಮಾಡ್ಯೂಲಿಗೆ ಪ್ರೋಬ್ ಮುಟ್ಟದಿದ್ದರೆ ಐದಾರು ಮೀಟರ್ ವಯರ್ ಸೇರಿಸಿ. ವೋಲ್ಟ್ ಅಳೆಯುವಾಗ ಮೀಟರ್ ಎಳೆಯುವ ಕರೆಂಟ್ ಏನೂ ಇಲ್ಲದಷ್ಟು ಕಡಿಮೆ. ಹಾಗಾಗಿ ಉದ್ದ ವಯರಿನಿಂದ ಲೆಕ್ಕ ತಪ್ಪುವುದಿಲ್ಲ.

ಕೆಂಪು ಪ್ರೋಬ್ ಮಾಡ್ಯೂಲಿನ ಅರ್ತ್ ಪಿನ್ನಿಗೆ. ಯಾವ ಪಿನ್ ಎಂದು ವೈರಿಂಗ್ ನಕ್ಷೆ ನೋಡಿ, ಬಣ್ಣ ನೋಡಿ ಊಹೆ ಮಾಡಬೇಡಿ. ಜಪಾನಿ ಮೂಲದ ಗಾಡಿಗಳಲ್ಲಿ ಅರ್ತ್ ಹೆಚ್ಚಾಗಿ ಕಪ್ಪು, ಜರ್ಮನ್ ಗಾಡಿಗಳಲ್ಲಿ ಕಂದು. ಕನೆಕ್ಟರ್ ಕೂತೇ ಇರಬೇಕು, ಮಾಡ್ಯೂಲ್ ಕೆಲಸ ಮಾಡುತ್ತಲೇ ಇರಬೇಕು. ಹಿಂಬದಿಯಿಂದ, ವಯರ್ ಒಳಗೆ ಹೋಗುವ ಕಡೆಯಿಂದ, ತೆಳ್ಳಗಿನ ಗುಂಡುಪಿನ್ನು ಮೆಲ್ಲಗೆ ತೂರಿಸಿ. ಮುಂದಿನಿಂದ ದಪ್ಪ ಪ್ರೋಬ್ ತುರುಕಿದರೆ ಒಳಗಿನ ಟರ್ಮಿನಲ್ ಅಗಲವಾಗಿ ನೀವೇ ಹೊಸ ಲೂಸ್ ಕಾಂಟ್ಯಾಕ್ಟ್ ಮಾಡಿದಂತೆ. ವಯರಿನ ಪ್ಲಾಸ್ಟಿಕ್‌ಗೆ ಚುಚ್ಚುವುದಂತೂ ಬೇಡವೇ ಬೇಡ. ನಮ್ಮೂರಿನ ಮಳೆ ಮತ್ತು ಉಪ್ಪು ಗಾಳಿಗೆ ಆ ಒಂದು ತೂತು ಸಾಕು. ಆರು ತಿಂಗಳಲ್ಲಿ ಒಳಗಿನ ತಾಮ್ರ ಹಸಿರು ಪುಡಿಯಾಗಿರುತ್ತದೆ.

ಆಮೇಲೆ ಲೋಡ್ ಹಾಕಿ. ಇದೇ ಮುಖ್ಯ. ಹೈ ಬೀಮ್, ಬ್ಲೋವರ್ ಪೂರ್ತಿ, ಹಿಂದಿನ ಗಾಜಿನ ಹೀಟರ್, ರೇಡಿಯೇಟರ್ ಫ್ಯಾನ್, ಸ್ಟೀರಿಂಗ್ ಆ ಕಡೆ ಈ ಕಡೆ. ಮಾಡ್ಯೂಲಿನ ಅರ್ತ್ 0.1 ವೋಲ್ಟ್ ದಾಟಬಾರದು. 0.05 ಒಳಗಿದ್ದರೆ ನನಗೆ ಸಮಾಧಾನ. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿನಿಂದ ಬ್ಯಾಟರಿ ನೆಗೆಟಿವ್‌ಗೆ 0.2, ಹೆಚ್ಚೆಂದರೆ 0.3 ಇರಬಹುದು. ಅಲ್ಲಿ ಓಡುವುದು ನೂರಕ್ಕಿಂತ ಹೆಚ್ಚು ಆಂಪಿಯರ್.

ಜಾಸ್ತಿ ಬಂದರೆ ಕಪ್ಪು ಪ್ರೋಬ್ ಅಲ್ಲೇ ಬಿಟ್ಟು ಕೆಂಪನ್ನು ಮಾತ್ರ ನಡೆಸಿಕೊಂಡು ಬನ್ನಿ. ಪಿನ್ನು, ಆಮೇಲೆ ಲಗ್, ಆಮೇಲೆ ಬೋಲ್ಟಿನ ತಲೆ, ಪಕ್ಕದ ಬರಿ ತಗಡು, ಬ್ಯಾಟರಿ ಕೇಬಲಿನ ತುದಿ, ಕ್ಲಾಂಪ್. ಎಲ್ಲಿ ಮೀಟರ್ ಧಡಕ್ಕನೆ ಇಳಿಯುತ್ತದೋ ಆ ಎರಡು ಜಾಗದ ನಡುವೆ ಕಾಯಿಲೆ. ಟೀಚರ್ ಕಾರಿನಲ್ಲಿ ಲಗ್ ಮೇಲೆ 1.7, ಅರ್ಧ ಇಂಚು ಪಕ್ಕದ ತಗಡಿನಲ್ಲಿ 0.03. ಇನ್ನೇನು ಬೇಕು?

ಓಮ್ ಮೀಟರ್ ಯಾಕೆ ಬೇಡ ಎಂದರೆ, ಅದು ಕಳಿಸುವ ಕರೆಂಟ್ ಮಿಲಿ ಆಂಪಿಯರ್ ಲೆಕ್ಕದಲ್ಲಿ. ಮೂವತ್ತು ಎಳೆಯ ವಯರಿನಲ್ಲಿ ಇಪ್ಪತ್ತೊಂಬತ್ತು ಒಂದು ಕಡೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು ಚೆನ್ನಾಗಿದೆ ಎಂದೇ ಹೇಳುತ್ತದೆ. ಕಾಲುಸಂಕದ ಮೇಲೆ ಬೆಕ್ಕು ದಾಟಿತು ಎಂದು ಲಾರಿ ದಾಟಿಸಿದ ಹಾಗೆ.

ಮಾಡ್ಯೂಲ್ ಪೂರ್ತಿ ಸತ್ತಂತಿದ್ದು ಕರೆಂಟನ್ನೇ ಎಳೆಯದಿದ್ದರೆ? ಆಗ ಲೋಡ್ ನಾವು ಕೊಡಬೇಕು. ಕನೆಕ್ಟರ್ ಬಿಚ್ಚಿ, 21 ವ್ಯಾಟಿನ ಇಂಡಿಕೇಟರ್ ಬಲ್ಬಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಆ ಅರ್ತ್ ಪಿನ್ನಿಗೆ. ಸುಮಾರು 1.75 ಆಂಪಿಯರ್ ಹೋಗುತ್ತದೆ. ಎಬಿಎಸ್ ಪಂಪಿನಂಥ ದಪ್ಪ ಅರ್ತ್‌ಗೆ ನಾನು 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನೇ ಹಾಕುತ್ತೇನೆ. ಬಲ್ಬ್ ಬೆಳಗಿತು ಎಂದು ಬಿಡಬೇಡಿ, ಬೆಳಗುವಾಗಲೇ ವೋಲ್ಟ್ ಅಳೆಯಿರಿ. 0.09 ಓಮ್ ತಡೆ ಕಣ್ಣಿಗೆ ಕಾಣುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಹೆಚ್ಚಿನ ಸೆನ್ಸರುಗಳ ಅರ್ತ್ ಇಸಿಎಂ ಒಳಗಿನ ಬೋರ್ಡಿನ ಮೂಲಕ ಹೋಗುತ್ತದೆ. ಆ ಪಿನ್ನಿಗೆ ಬಲ್ಬ್ ಕೊಟ್ಟರೆ ಒಳಗಿನ ಕೂದಲಿನಂಥ ತಾಮ್ರದ ಗೆರೆ ಸುಟ್ಟುಹೋಗಬಹುದು. ಇನ್ನೊಂದು, ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಹತ್ತಿರ ಬಲ್ಬೂ ಬೇಡ, ಮೀಟರೂ ಬೇಡ. ಸುಮ್ನೆ ಒಂದು ಸಲ ನೋಡೋಣ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಗಾಡಿಯ ಕಥೆ ಹೇಳಬೇಕು. ಮಲ್ಪೆ ಕಡೆ ಮೀನು ಸಾಗಿಸುವ ಪಿಕಪ್. ಮೀನಿನ ಬುಟ್ಟಿಗಳಿಂದ ಐಸು ಕರಗಿ ಉಪ್ಪುನೀರು ದಿನವಿಡೀ ತೊಟ್ಟಿಕ್ಕುತ್ತದೆ, ಅದು ಚಾಸಿಯನ್ನು ತಿನ್ನುತ್ತದೆ. ಬೆಳಗಿನ ಜಾವ ಸೆಲ್ಫ್ ನಿಧಾನ, ಇಸಿಎಂ ಮತ್ತೆ ಮತ್ತೆ ರೀಸೆಟ್. ಮಾಲೀಕರು ಎರಡು ಬ್ಯಾಟರಿ ಬದಲಿಸಿ ಸುಸ್ತಾಗಿದ್ದರು. ನಾನು ಹೋದಾಗ ಡ್ರೈವರ್ ಇನ್ನೊಂದು ವಿಷಯ ಹೇಳಿದ: ಅಣ್ಣ, ಗೇರ್ ಲಿವರ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತೆ. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 2.6 ವೋಲ್ಟ್. ಎಂಜಿನ್‌ನಿಂದ ಚಾಸಿಗೆ ಬರುವ ಹೆಣೆದ ಅರ್ತ್ ಪಟ್ಟಿ ಪುಡಿಪುಡಿಯಾಗಿತ್ತು. ಸೆಲ್ಫಿನ ಕರೆಂಟಿಗೆ ದಾರಿ ಬೇಕಲ್ಲ? ಅದು ಗೇರ್ ಕೇಬಲ್ ಹಿಡಿದುಕೊಂಡು ಬಾಡಿಗೆ ಬರುತ್ತಿತ್ತು. ಕೇಬಲ್ ಕೆಂಪಗೆ ಕಾದು ಅದರ ಹೊದಿಕೆ ಕರಗಿತ್ತು. ಜಂಪ್ ಕೇಬಲನ್ನು ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಹಾಕಿದೆ. ಸೆಲ್ಫ್ ಒಂದೇ ಹೊಡೆತಕ್ಕೆ ತಿರುಗಿತು. ಎರಡು ನಿಮಿಷದ ಪರೀಕ್ಷೆ ಅದು. ಬ್ಯಾಟರಿ ಬದಲಿಸುವ ಮೊದಲು ಮಾಡಿ.

ಆದರೆ ಇದನ್ನೇ ರಿಪೇರಿ ಮಾಡಿಕೊಳ್ಳಬೇಡಿ. ‘ಒಂದು ಎಕ್ಸ್‌ಟ್ರಾ ಅರ್ತ್ ಎಳೆದುಬಿಡು’ ಎಂಬುದು ನಮ್ಮಲ್ಲಿ ದೊಡ್ಡ ಅಭ್ಯಾಸ. ಹಳೆಯ ಕೊಳೆ ಹಾಗೇ ಉಳಿಯುತ್ತದೆ, ಬೇರೆ ಮಾಡ್ಯೂಲುಗಳು ಅದರ ಮೇಲೆಯೇ ನಿಂತಿರುತ್ತವೆ. ಜೊತೆಗೆ ಈಗಿನ ಎಷ್ಟೋ ಗಾಡಿಗಳಲ್ಲಿ ನೆಗೆಟಿವ್ ಕ್ಲಾಂಪ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇದೆ. ನೀವು ಫಾಗ್ ಲೈಟಿನ ಅರ್ತ್ ತಂದು ನೇರ ಬ್ಯಾಟರಿ ಕಂಬಕ್ಕೆ ಕಟ್ಟಿದರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೇ ಸಿಗುವುದಿಲ್ಲ. ಬ್ಯಾಟರಿ ಎಷ್ಟು ಖಾಲಿಯಾಗಿದೆ ಎಂದು ಗಾಡಿಗೆ ಗೊತ್ತಾಗುವುದಿಲ್ಲ. ಅಂಥ ಗಾಡಿಯಲ್ಲಿ ಅರ್ತ್ ಬಾಡಿಗೆ ಕೊಡಿ. ಅದೂ ಇಸಿಎಂ ಅಥವಾ ಎಬಿಎಸ್ ಬೋಲ್ಟ್ ಬಿಟ್ಟು ಬೇರೆ ಬೋಲ್ಟಿಗೆ.

ರಿಪೇರಿ ಅಂದರೆ ಬಿಚ್ಚಬೇಕು. ಮೊದಲು ಬ್ಯಾಟರಿ ಕಳಚಿ. ಲಗ್ ಕೂರುವ ತಗಡನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಲಗ್ಗಿನ ಎರಡೂ ಮುಖ, ಬೋಲ್ಟಿನ ಮರೆ ಕೂಡ. ಲಗ್ ಒಳಗೆ ವಯರ್ ಒತ್ತಿದ ಜಾಗ ನೋಡಿ. ಕಿಲುಬು ಹಿಡಿದಿದ್ದರೆ ಪ್ಲಾಸ್ಟಿಕ್ ಸುಲಿದು ಒಳಗೆ ಎಲ್ಲಿಯವರೆಗೆ ಹೋಗಿದೆ ನೋಡಿ. ನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ. ತಾಮ್ರ ಹೊಳೆಯುವ ಜಾಗದವರೆಗೆ ಕತ್ತರಿಸಿ ಹೊಸ ಲಗ್ ಒತ್ತಿ. ಒಬ್ಬರು ನನಗೆ ಹುಣಸೆಹಣ್ಣಿನಿಂದ ತಿಕ್ಕಿದರೆ ಆಗಲ್ವಾ ಎಂದು ಕೇಳಿದ್ದರು. ತಾಮ್ರದ ಚೆಂಬಿಗೆ ಅದು ಸರಿ, ಅದನ್ನು ಆಮೇಲೆ ತೊಳೆದು ಒರೆಸುತ್ತೇವೆ. ವಯರಿನ ಎಳೆಗಳ ಒಳಗೆ ಹೊಕ್ಕ ಹುಳಿಯನ್ನು ತೊಳೆಯಲು ಆಗುವುದಿಲ್ಲ, ಅದು ಉಳಿದು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ.

ಲೋಹಕ್ಕೆ ಲೋಹ ಮುಟ್ಟಿಸಿ, ಬಿಗಿ ಮಾಡಿ, ಅದಾದ ಮೇಲೆ ಹೊರಗಿನಿಂದ ವ್ಯಾಸಲಿನ್ ಅಥವಾ ಪೇಂಟ್ ಹಚ್ಚಿ. ಕರಾವಳಿಯಲ್ಲಿ ಈ ಕೊನೆಯ ಕೆಲಸ ಬಿಟ್ಟರೆ ಗಾಡಿ ಮುಂದಿನ ಮಳೆಗಾಲಕ್ಕೆ ವಾಪಸ್ ಬರುತ್ತದೆ. ಆಮೇಲೆ ಅದೇ ಲೋಡಿನಲ್ಲಿ ಮತ್ತೆ ಅಳೆದು ಎರಡೂ ಅಂಕಿಯನ್ನು ಬಿಲ್ಲಿನಲ್ಲಿ ಬರೆದುಕೊಡಿ. ಟೀಚರಿಗೆ ನಾನು ‘ಮೊದಲು 1.8, ಈಗ 0.03’ ಎಂದು ಬರೆದುಕೊಟ್ಟೆ. ಅವರು ಆ ಚೀಟಿಯನ್ನು ಆರ್‌ಸಿ ಜೊತೆ ಇಟ್ಟುಕೊಂಡಿದ್ದಾರೆ.

ಎಲೆಕ್ಟ್ರಿಕ್ ಕಾರಿನಲ್ಲೂ ಹೀಗೆಯೇನಾ ಎಂದು ಹಿಂದಿನಿಂದ ಒಬ್ಬರು ಕೇಳಿದರು. ಅದರಲ್ಲೂ 12 ವೋಲ್ಟ್ ಬ್ಯಾಟರಿ ಇದೆ, ಮಾಡ್ಯೂಲುಗಳಿಗೆ ಬಾಡಿಯೇ ಅರ್ತ್. ಅಷ್ಟರಮಟ್ಟಿಗೆ ಈಗ ಹೇಳಿದ್ದೆಲ್ಲ ಹಾಗೇ ನಡೆಯುತ್ತದೆ. ದೊಡ್ಡ ಬ್ಯಾಟರಿಯ ನೂರಾರು ವೋಲ್ಟ್ ಮಾತ್ರ ಬೇರೆ ವಿಷಯ. ಅದು ಬಾಡಿಗೆ ತಾಗದಂತೆ ಬೇರೆಯಾಗಿಯೇ ಇರುತ್ತದೆ. ಅದರ ಕೇಬಲ್ ಕೇಸರಿ ಬಣ್ಣದ್ದು. ಅದಕ್ಕೆ ಬೇರೆ ತರಬೇತಿ, ಬೇರೆ ಗ್ಲೌಸ್ ಬೇಕು. ತರಬೇತಿ ಆಗದವರು ಆ ಕೇಬಲಿಗೆ ಕೈ ಹಾಕಬೇಡಿ.

ಹೊರಗೆ ಅಂಗಳದಲ್ಲಿ ನನ್ನ ಕಾರು ನಿಂತಿದೆ. ಬೆಳಿಗ್ಗೆ ಅದರ ಒಂದು ಅರ್ತ್ ಬೋಲ್ಟನ್ನು ಸಡಿಲ ಮಾಡಿ ಬಂದಿದ್ದೇನೆ. ಯಾವುದು ಎಂದು ಹೇಳುವುದಿಲ್ಲ. ಇಬ್ಬಿಬ್ಬರು ಸೇರಿ ಮೀಟರ್ ತೆಗೆದುಕೊಂಡು ಬನ್ನಿ. ಬೋಲ್ಟ್ ಅಲ್ಲಾಡಿಸಿ ನೋಡುವಂತಿಲ್ಲ. ಹೆಡ್‌ಲೈಟ್ ಹಾಕಿ, ವೋಲ್ಟ್ ಅಳೆದೇ ಹುಡುಕಿ.